ಫೋನ್ ನಮ್ಮದು, ಬೀಗದ ಕೈ ಯಾರದ್ದು? ಅನ್‌ಲಾಕ್ ಫೋನುಗಳ ಇತಿಹಾಸ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಕೊಡ್ತಿದ್ದೇನೆ. ಸಮಯ ಸಾಲದೆ ವಿಡಿಯೋದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿದ್ದೇನೆ. ಆಫೀಸ್ ಬಸ್ಸಲ್ಲೋ ಲೋಕಲ್ ಟ್ರೈನಲ್ಲೋ ಕೂತು ಓದೋಕೆ ಸರಿಹೋಗುತ್ತೆ.

ವಿಷಯ ಇಷ್ಟು. "ನನಗೆ ಅನ್‌ಲಾಕ್ ಆಗುವ ಫೋನ್ ಬೇಕು, ರಾಮ್ ಬದಲಾಯಿಸಿಕೊಳ್ಳುವಂಥದ್ದು ಬೇಕು, ಯಾವುದು ತಗೊಳ್ಳಲಿ?" ಅಂತ ನನ್ನ ಟೀಮಿನ ಹುಡುಗರು ಆಗಾಗ ಕೇಳ್ತಾರೆ. ಮೊದಲೆಲ್ಲ ಎರಡು ಹೆಸರು ಹೇಳಿ ಮುಗಿಸಿಬಿಡಬಹುದಿತ್ತು. ಈಗ ಹಾಗೆ ಹೇಳೋಕೆ ಆಗಲ್ಲ. ಯಾಕೆ ಆಗಲ್ಲ ಅನ್ನೋದಕ್ಕೆ ಹದಿನೆಂಟು ವರ್ಷಗಳ ಇತಿಹಾಸವೇ ಇದೆ, ಅದರಲ್ಲಿ ನಮ್ಮ ಭಾರತದ್ದೇ ಒಂದು ಅಧ್ಯಾಯ ಇದೆ. ಅದನ್ನ ತಿಳಿದುಕೊಂಡರೆ ಯಾವ ಫೋನ್ ಅನ್ನೋದನ್ನ ನೀವೇ ನಿರ್ಧರಿಸಬಹುದು.

ಒಂದೇ ದಿನ, ಎರಡು ಘಟನೆ

2007ರ ಜೂನ್ 29, ಶುಕ್ರವಾರ. ಅವತ್ತು ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂತು. ಅಂಗಡಿಗಳ ಮುಂದೆ ಸಾಲು, ಟಿವಿಯಲ್ಲಿ ಸುದ್ದಿ, ಎಲ್ಲರಿಗೂ ಗೊತ್ತಿರೋದೇ. ಅದೇ ದಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಜಿಪಿಎಲ್ ಲೈಸೆನ್ಸಿನ ಮೂರನೇ ಆವೃತ್ತಿಯನ್ನ ಹೊರತಂದಿತು. ಇದು ಪತ್ರಿಕೆಗಳ ಮುಖಪುಟಕ್ಕೆ ಬರುವಂಥ ಸುದ್ದಿಯಲ್ಲ. ಆದರೆ ಈ ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರ.

ಜಿಪಿಎಲ್ ಅಂದರೆ ಗೊತ್ತಲ್ವಾ, ಲಿನಕ್ಸ್ ಕರ್ನಲ್ ಬಳಸಿ ಒಂದು ಸಾಧನ ಮಾರಿದರೆ ಅದರ ಸೋರ್ಸ್ ಕೋಡ್ ಕೇಳಿದವರಿಗೆ ಕೊಡಬೇಕು ಅನ್ನೋ ಷರತ್ತು. 1991ರ ಎರಡನೇ ಆವೃತ್ತಿಯಲ್ಲಿ ಒಂದು ಕಿಂಡಿ ಇತ್ತು. ಅಮೆರಿಕದ ಟಿವೋ ಅನ್ನೋ ಕಂಪನಿ ಟಿವಿ ರೆಕಾರ್ಡರ್ ಮಾಡ್ತಿತ್ತು, ಒಳಗೆ ಲಿನಕ್ಸ್. ಸೋರ್ಸ್ ಕೋಡ್ ಕೊಟ್ಟರು, ಲೈಸೆನ್ಸ್ ಪಾಲಿಸಿದರು. ಆದರೆ ನೀವು ಆ ಕೋಡನ್ನ ತಿದ್ದಿ ವಾಪಸ್ ಹಾಕಿದರೆ ಪೆಟ್ಟಿಗೆ ಶುರುವೇ ಆಗ್ತಿರಲಿಲ್ಲ, ಯಾಕಂದರೆ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಕೋಡನ್ನ ಅದು ಒಪ್ಪುತ್ತಿರಲಿಲ್ಲ. ಅಡುಗೆ ಮಾಡುವ ವಿಧಾನ ಬರೆದುಕೊಟ್ಟು ಒಲೆಗೆ ಬೀಗ ಹಾಕಿದ ಹಾಗೆ. ಜಿಪಿಎಲ್‌ನ ಮೂರನೇ ಆವೃತ್ತಿ ಬಂದದ್ದಕ್ಕೆ ಇದೂ ಒಂದು ದೊಡ್ಡ ಕಾರಣ: ಮನೆಬಳಕೆಯ ಸಾಧನವಾದರೆ ಕೋಡಿನ ಜೊತೆ ಅದನ್ನ ಹಾಕಿ ಓಡಿಸೋಕೆ ಬೇಕಾದ ಕೀಲಿಯನ್ನೂ ಕೊಡಬೇಕು ಅಂತ ಅದು ಹೇಳಿತು.

ಲಿನಕ್ಸ್ ಕರ್ನಲ್ ಮಾತ್ರ ಹಳೆಯ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಸಾಧನ ಮಾಡುವವರು ಬೀಗ ಹಾಕಿಕೊಂಡರೆ ಅದು ಅವರ ಹಕ್ಕು, ಕೋಡ್ ವಾಪಸ್ ಕೊಟ್ಟರೆ ಸಾಕು ಅನ್ನೋದು ಲಿನಸ್ ಟೋರ್ವಾಲ್ಡ್ಸ್ ನಿಲುವು. ಅದೇ ವರ್ಷ ನವೆಂಬರ್ 5ಕ್ಕೆ ಗೂಗಲ್ ಮತ್ತು ಇತರ ಕಂಪನಿಗಳು ಸೇರಿ ಆಂಡ್ರಾಯ್ಡ್ ಘೋಷಿಸಿದವು, ಅದೇ ಲಿನಕ್ಸ್ ಕರ್ನಲ್ ಮೇಲೆ. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಕರ್ನಲ್ ಕೋಡ್ ಕಂಪನಿಯ ವೆಬ್‌ಸೈಟಲ್ಲಿ ಇದ್ದರೂ ಅದನ್ನ ನಿಮ್ಮದೇ ಫೋನಿಗೆ ಹಾಕೋಕೆ ಆಗದಿರುವುದಕ್ಕೆ ಕಾನೂನಿನ ಬೇರು ಅಲ್ಲಿದೆ.

ಬೀಗ ಒಂದಲ್ಲ, ಮೂರು

ಮುಂದೆ ಹೋಗೋಕೆ ಮುಂಚೆ ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ "ಅನ್‌ಲಾಕ್ಡ್ ಫೋನ್" ಅಂದರೆ ಯಾವ ಸಿಮ್ ಹಾಕಿದರೂ ನಡೆಯೋದು ಅಂತಷ್ಟೇ ಅರ್ಥ. ನಿಜಕ್ಕೂ ಬೀಗ ಮೂರು.

ಮೊದಲನೆಯದು ಸಿಮ್ ಬೀಗ. ಫೋನ್ ಒಂದೇ ಮೊಬೈಲ್ ಕಂಪನಿಯ ಸಿಮ್ ಒಪ್ಪೋದು.

ಎರಡನೆಯದು ಬೂಟ್‌ಲೋಡರ್ ಬೀಗ. ಪವರ್ ಬಟನ್ ಒತ್ತಿದಾಗ ಮೊದಲು ಓಡೋದು ಚಿಪ್ಪಿನೊಳಗೆ ಕೆತ್ತಿದ ಒಂದು ಪುಟ್ಟ ಪ್ರೋಗ್ರಾಂ. ಅದರ ಹತ್ತಿರ ತಯಾರಕರ ಕೀಲಿಯ ಗುರುತು ಇರುತ್ತೆ. ಆ ಗುರುತನ್ನ ಇ-ಫ್ಯೂಸ್ ಅನ್ನೋ ಅತಿ ಸಣ್ಣ ತಂತಿಗಳಲ್ಲಿ ಬರೆದಿರ್ತಾರೆ, ಒಮ್ಮೆ ಸುಟ್ಟರೆ ಮತ್ತೆ ಜೋಡಿಸೋಕೆ ಆಗಲ್ಲ. ಆ ಪ್ರೋಗ್ರಾಂ ಬೂಟ್‌ಲೋಡರಿನ ಸಹಿ ನೋಡುತ್ತೆ, ಬೂಟ್‌ಲೋಡರ್ ಕರ್ನಲ್ಲಿನ ಸಹಿ ನೋಡುತ್ತೆ, ಕರ್ನಲ್ ಸಿಸ್ಟಮ್ಮಿನ ಸಹಿ ನೋಡುತ್ತೆ. ಸರಪಳಿಯ ಒಂದು ಕೊಂಡಿ ಕಳಚಿದರೂ ಫೋನ್ ಮುಂದೆ ಹೋಗಲ್ಲ.

ಮೂರನೆಯದು ರೂಟ್. ಫೋನ್ ಓಡ್ತಿರುವಾಗ ಸಿಸ್ಟಮ್ಮಿನ ಯಾವ ಫೈಲನ್ನಾದರೂ ತಿದ್ದುವ ಅಧಿಕಾರ. ಆಫೀಸಲ್ಲಿ ಸರ್ವರ್ ಮೇಲೆ ಸೂಡೋ ಕೊಟ್ಟು ಮಾಡ್ತೀವಲ್ಲ, ಅದೇ.

ಮೂರೂ ಬೇರೆ ಬೇರೆ. ಸಿಮ್ ಬೀಗ ಇಲ್ಲದ ಫೋನಿನಲ್ಲಿ ಬೂಟ್‌ಲೋಡರ್ ಗಟ್ಟಿಯಾಗಿ ಮುಚ್ಚಿರಬಹುದು. ಭಾರತದಲ್ಲಿ ಮಾರುವ ಎಷ್ಟೋ ಫೋನುಗಳು ಹಾಗೇ ಇವೆ.

ಕೀಬೋರ್ಡಲ್ಲಿ "ರೀಬೂಟ್" ಅಂತ ಟೈಪ್ ಮಾಡಿದರೆ

ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್, ಅಮೆರಿಕದಲ್ಲಿ ಟಿ-ಮೊಬೈಲ್ ಜಿ1 ಅನ್ನೋ ಹೆಸರಲ್ಲಿ 2008ರ ಅಕ್ಟೋಬರಲ್ಲಿ ಬಂತು. ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ 179 ಡಾಲರ್. ಓಪನ್ ಸೋರ್ಸ್ ಅಂತ ಹೆಸರಿದ್ದರೂ ಬೂಟ್‌ಲೋಡರ್ ಮುಚ್ಚಿತ್ತು, ರೂಟ್ ಇರಲಿಲ್ಲ.

ಅದು ತೆರೆದ ರೀತಿ ಮಾತ್ರ ತಮಾಷೆಯದ್ದು. ಡೆವಲಪರುಗಳು ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ಒಂದು ರೂಟ್ ಶೆಲ್ ಹಿನ್ನೆಲೆಯಲ್ಲಿ ಹಾಗೇ ಓಡ್ತಾ ಉಳಿದುಬಿಟ್ಟಿತ್ತು. ನೀವು ಫೋನಿನ ಕೀಬೋರ್ಡಲ್ಲಿ ಏನೇ ಟೈಪ್ ಮಾಡಿದರೂ, ಮೆಸೇಜೋ ಮೇಲೋ, ಅದೆಲ್ಲ ಆ ಶೆಲ್ಲಿಗೂ ಹೋಗ್ತಿತ್ತು. ಎಂಟರ್ ಒತ್ತಿ "ರೀಬೂಟ್" ಅಂತ ಬರೆದು ಮತ್ತೆ ಎಂಟರ್ ಒತ್ತಿದರೆ ಫೋನ್ ನಿಜವಾಗಲೂ ರೀಬೂಟ್ ಆಗ್ತಿತ್ತು. "ಟೆಲ್ನೆಟ್‌ಡಿ" ಅಂತ ಟೈಪ್ ಮಾಡಿದರೆ ಟೆಲ್ನೆಟ್ ಸರ್ವರ್ ಶುರುವಾಗಿ ಇಡೀ ಫೋನಿನ ರೂಟ್ ಕೈಗೆ ಸಿಗ್ತಿತ್ತು. 2008ರ ನವೆಂಬರಲ್ಲಿ ಇದು ಬಯಲಾಯಿತು. ಗೂಗಲ್ ಕೂಡಲೇ ಆರ್‌ಸಿ30 ಅನ್ನೋ ಅಪ್‌ಡೇಟ್ ಕಳಿಸಿ ಮುಚ್ಚಿತು. ಜನ ಆರ್‌ಸಿ29ಕ್ಕೆ ಹಿಂದಕ್ಕೆ ಹೋಗಿ, ರೂಟ್ ಪಡೆದು, ಸ್ವಂತ ಸಿಸ್ಟಮ್ ಹಾಕಿಕೊಳ್ಳೋಕೆ ಶುರುಮಾಡಿದರು. ಕಸ್ಟಮ್ ರಾಮ್ ಅನ್ನೋ ಸಂಸ್ಕೃತಿ ಆಂಡ್ರಾಯ್ಡಲ್ಲಿ ಹುಟ್ಟಿದ್ದು ಹೀಗೆ, ಯಾರೋ ಮರೆತು ಬಿಟ್ಟ ಒಂದು ಡೀಬಗ್ ಸಾಲಿನಿಂದ.

ಅದೇ ಡಿಸೆಂಬರಲ್ಲಿ ಗೂಗಲ್ ಆಂಡ್ರಾಯ್ಡ್ ಡೆವ್ ಫೋನ್ 1 ಅಂತ ಇದೇ ಫೋನನ್ನ ಸಿಮ್ ಬೀಗವೂ ಬೂಟ್‌ಲೋಡರ್ ಬೀಗವೂ ಇಲ್ಲದೆ ಡೆವಲಪರುಗಳಿಗೆ ಮಾರಿತು. ಬೆಲೆ 399 ಡಾಲರ್, ಅದರ ಮೇಲೆ ನೋಂದಣಿಗೆ 25 ಡಾಲರ್. ಕೊಳ್ಳಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಬೀಗವೇ ಇಲ್ಲದ ಫೋನ್ ಮಾಡುವ ಪ್ರಯತ್ನಗಳೂ ಆಗ ನಡೆದಿದ್ದವು. ತೈವಾನಿನ ಎಫ್‌ಐಸಿ ಕಂಪನಿಯ ಓಪನ್‌ಮೋಕೋ ಯೋಜನೆ 2007ರಲ್ಲಿ ನಿಯೋ 1973, 2008ರಲ್ಲಿ ನಿಯೋ ಫ್ರೀರನ್ನರ್ ತಂದಿತು. 1973 ಅಂದರೆ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯೋ ಫೋನಿನಿಂದ ಮೊದಲ ಕರೆ ಮಾಡಿದ ವರ್ಷ. ನೋಕಿಯಾ 2009ರ ಕೊನೆಗೆ ಎನ್900 ತಂದಿತು. 600 ಮೆಗಾಹರ್ಟ್ಜ್ ಪ್ರೊಸೆಸರ್, 256 ಎಂಬಿ ಮೆಮೊರಿ, ಡೆಬಿಯನ್ ಮೂಲದ ಮೇಮೋ. ಟರ್ಮಿನಲ್ ಆ್ಯಪ್ ಅದರಲ್ಲೇ ಇತ್ತು, ರೂಟ್ ಬೇಕಂದರೆ ಒಂದು ಪ್ಯಾಕೇಜ್ ಹಾಕಿಕೊಂಡರೆ ಆಯ್ತು, ಯಾವ ಬಗ್ಗೂ ಹುಡುಕಬೇಕಿರಲಿಲ್ಲ. ಮಾರುಕಟ್ಟೆಯಲ್ಲಿ ಇವ್ಯಾವೂ ನಿಲ್ಲಲಿಲ್ಲ.

ಸಯನೋಜನ್ ಮತ್ತು ನೆಕ್ಸಸ್

ಜಿ1 ತೆರೆದ ಮೇಲೆ ಸ್ಟೀವ್ ಕೊಂಡಿಕ್ ಅನ್ನೋ ಡೆವಲಪರ್ ಸಯನೋಜನ್ ಅನ್ನೋ ಹೆಸರಲ್ಲಿ 2009ರಲ್ಲಿ ತನ್ನ ರಾಮ್ ಹೊರತಂದ, ಅದೇ ಸಯನೋಜನ್‌ಮಾಡ್. ಆ ವರ್ಷದ ಸೆಪ್ಟೆಂಬರಲ್ಲಿ ಗೂಗಲ್ ಅವನಿಗೆ ವಕೀಲರ ನೋಟಿಸ್ ಕಳಿಸಿತು. ಆಂಡ್ರಾಯ್ಡ್ ಓಪನ್ ಸೋರ್ಸ್ ಆದರೂ ಜಿಮೇಲ್, ಮ್ಯಾಪ್ಸ್, ಯೂಟ್ಯೂಬ್, ಮಾರ್ಕೆಟ್ ಆ್ಯಪ್‌ಗಳು ಗೂಗಲಿನ ಸ್ವಂತ ಸ್ವತ್ತು, ಅವನ್ನ ಹಂಚಬೇಡ ಅಂತ. ಕೊಂಡಿಕ್ ಅವನ್ನ ತೆಗೆದ. ಬಳಕೆದಾರರು ತಮ್ಮ ಫೋನಲ್ಲಿದ್ದದ್ದನ್ನೇ ಬ್ಯಾಕಪ್ ಮಾಡಿಟ್ಟು ವಾಪಸ್ ಹಾಕಿಕೊಳ್ಳೋ ಪದ್ಧತಿ ಬಂತು. ಆಂಡ್ರಾಯ್ಡ್ ಬೇರೆ, ಗೂಗಲ್ ಸೇವೆಗಳು ಬೇರೆ ಅನ್ನೋ ಗೆರೆ ಅವತ್ತು ಎಲ್ಲರ ಕಣ್ಣಿಗೂ ಕಂಡಿತು. ಆ ಗೆರೆ ಮುಂದೆ ನಮಗೆ ತುಂಬ ದುಬಾರಿಯಾಯಿತು, ಹೇಳ್ತೀನಿ.

2010ರ ಜನವರಿ 5ಕ್ಕೆ ನೆಕ್ಸಸ್ ಒನ್ ಬಂತು. ಗೂಗಲ್ ತಾನೇ ವೆಬ್‌ಸೈಟಲ್ಲಿ 529 ಡಾಲರಿಗೆ ನೇರವಾಗಿ ಮಾರಿತು. ಕಂಪ್ಯೂಟರಿಗೆ ಜೋಡಿಸಿ "ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್" ಅಂತ ಒಂದು ಸಾಲು ಕೊಟ್ಟರೆ ಫೋನ್ ಕೇಳೋದು: ವಾರಂಟಿ ಹೋಗಬಹುದು, ಸರೀನಾ? ಹೂಂ ಅಂದರೆ ಬೀಗ ತೆರೆಯಿತು. ಮಾಲೀಕನಿಗೆ ಅಪಾಯ ತಿಳಿಸಿ, ಒಪ್ಪಿಗೆ ಕೇಳಿ, ಕೀಲಿ ಕೊಡೋದು. ಇಡೀ ಇತಿಹಾಸದಲ್ಲಿ ನನಗೆ ಸರಿ ಅನ್ನಿಸಿದ ವಿನ್ಯಾಸ ಇದೇ.

ಬೇರೆ ಕಂಪನಿಗಳದ್ದು ಬೇರೆ ದಾರಿ. ಮೊಟೊರೊಲಾ 2010ರಲ್ಲಿ ಡ್ರಾಯ್ಡ್ ಎಕ್ಸ್ ತಂದಾಗ ಬೂಟ್‌ಲೋಡರ್ ಗಟ್ಟಿಯಾಗಿ ಮುಚ್ಚಿತ್ತು. ಎಚ್‌ಟಿಸಿ 2011ರಲ್ಲಿ ಬೀಗ ಬಿಗಿ ಮಾಡಿದಾಗ ಜನ ಗಲಾಟೆ ಮಾಡಿದರು, ಆ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಪೀಟರ್ ಚೌ ಇನ್ನು ಬೂಟ್‌ಲೋಡರ್ ಮುಚ್ಚಲ್ಲ ಅಂತ ಪ್ರಕಟಿಸಿದರು. ಅದೇ ವರ್ಷ ಎಚ್‌ಟಿಸಿ, ಸೋನಿ ಎರಿಕ್ಸನ್ ಎರಡೂ ವೆಬ್‌ಸೈಟ್ ಮೂಲಕ ಅನ್‌ಲಾಕ್ ಕೋಡ್ ಕೊಡೋಕೆ ಶುರುಮಾಡಿದವು. ಗ್ರಾಹಕರು ಕೇಳಿದರು, ಕಂಪನಿ ಬಾಗಿತು. ಅದು ಆಗುತ್ತಿದ್ದ ಕಾಲವೂ ಒಂದಿತ್ತು.

ಅಮೆರಿಕದ ಜಗಳ ಬೇರೆ, ನಮ್ಮದು ಬೇರೆ

ಅಮೆರಿಕದಲ್ಲಿ ಮುಖ್ಯ ಜಗಳ ಸಿಮ್ ಬೀಗದ್ದು. ಐಫೋನ್ ಎಟಿ ಅಂಡ್ ಟಿಗೆ ಮಾತ್ರ ಅಂತಿತ್ತು. 2007ರ ಆಗಸ್ಟಲ್ಲಿ ಜಾರ್ಜ್ ಹಾಟ್ಜ್ ಅನ್ನೋ 17 ವರ್ಷದ ಹುಡುಗ ಅದನ್ನ ಬಿಡಿಸಿದ, ಬಿಡಿಸಿದ ಫೋನ್ ಕೊಟ್ಟು ಬದಲಿಗೆ ಒಂದು ನಿಸಾನ್ ಕಾರು ಮತ್ತು ಮೂರು ಐಫೋನ್ ತಗೊಂಡ. 2010ರ ಜುಲೈಯಲ್ಲಿ ಜೈಲ್‌ಬ್ರೇಕ್ ಮಾಡೋದು ಕಾಪಿರೈಟ್ ಅಪರಾಧ ಅಲ್ಲ ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ವಿನಾಯಿತಿ ಕೊಟ್ಟಿತು. ಹೊಸ ಫೋನಿನ ಸಿಮ್ ಬೀಗ ತೆಗೆಯೋಕೆ ಇದ್ದ ವಿನಾಯಿತಿ 2013ರ ಜನವರಿ 26ಕ್ಕೆ ಮುಗಿದುಹೋದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ವೈಟ್ ಹೌಸಿಗೆ ಮನವಿ ಹಾಕಿದರು. 2014ರ ಆಗಸ್ಟ್ 1ಕ್ಕೆ ಒಬಾಮ ಅದಕ್ಕಾಗಿಯೇ ಒಂದು ಕಾನೂನಿಗೆ ಸಹಿ ಹಾಕಿದರು.

ನಮ್ಮಲ್ಲಿ ಈ ಜಗಳ ಬರಲೇ ಇಲ್ಲ. 2003ರ ರಿಲಯನ್ಸ್ ಮಾನ್ಸೂನ್ ಹಂಗಾಮ ನೆನಪಿದೆಯಾ? ಮುಂಗಡ 501 ರೂಪಾಯಿ ಕೊಟ್ಟರೆ ಸಿಡಿಎಂಎ ಫೋನ್, ಸಿಮ್ಮೇ ಇಲ್ಲ, ನಂಬರ್ ಫೋನಿನೊಳಗೇ. 2008ರ ಆಗಸ್ಟಲ್ಲಿ ಏರ್‌ಟೆಲ್, ವೊಡಾಫೋನ್ ತಂದ ಐಫೋನ್ 3ಜಿಗೂ ಬೀಗ ಇತ್ತು, ಬೆಲೆ 31,000 ರೂಪಾಯಿಂದ ಶುರು. ಇಂಥ ಕೆಲವು ಬಿಟ್ಟರೆ ನಾವು ಅಂಗಡಿಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ಫೋನ್ ತಂದು, ನಮ್ಮಿಷ್ಟದ ಸಿಮ್ ಹಾಕಿಕೊಂಡವರು. ಹಾಗಾಗಿ ಬೀಗ ಅನ್ನೋದು ನಮಗೆ ಸಮಸ್ಯೆ ಅಂತ ಅನ್ನಿಸಲೇ ಇಲ್ಲ. ಎರಡನೇ ಬೀಗ ನಮ್ಮ ಮನೆಯೊಳಗೆ ಬಂದಾಗಲೂ ನಾವು ನೋಡಲಿಲ್ಲ.

ಕನ್ನಡ ಓದೋಕೆ ರೂಟ್ ಬೇಕಿತ್ತು

ಆದರೆ ಕನ್ನಡಿಗರಿಗೆ ಬೂಟ್‌ಲೋಡರ್ ಯಾಕೆ ಬೇಕಾಗಿತ್ತು ಅನ್ನೋದಕ್ಕೆ ಒಂದು ಕಾರಣ ಇದೆ, ನಾನು ಕಣ್ಣಾರೆ ನೋಡಿದ್ದು.

ಮೊದಲ ವರ್ಷಗಳ ಆಂಡ್ರಾಯ್ಡಲ್ಲಿ ಕನ್ನಡ ಇರಲಿಲ್ಲ. ಕನ್ನಡ ಪತ್ರಿಕೆಯ ವೆಬ್‌ಸೈಟ್ ತೆರೆದರೆ ಸಾಲುಸಾಲು ಚೌಕ ಡಬ್ಬಿಗಳು. ಗೂಗಲ್ ಕನ್ನಡ, ತೆಲುಗು, ಮಲಯಾಳಂಗಳನ್ನ ಸೇರಿಸಿದ್ದು 2012ರ ಮಧ್ಯದಲ್ಲಿ ಬಂದ 4.1 ಜೆಲ್ಲಿ ಬೀನ್ ಆವೃತ್ತಿಯಲ್ಲಿ. ಅಷ್ಟರವರೆಗೆ ಇದ್ದ ದಾರಿಗಳು ಎರಡು. ಒಪೆರಾ ಮಿನಿ ಬ್ರೌಸರಿನ ಸೆಟ್ಟಿಂಗಲ್ಲಿ ಅಕ್ಷರಗಳನ್ನ ಚಿತ್ರವಾಗಿ ತರಿಸಿಕೊಳ್ಳೋದು ಒಂದು. ಫೋನ್ ರೂಟ್ ಮಾಡಿ ಸಿಸ್ಟಮ್ ಫೋಲ್ಡರಿಗೆ ಕನ್ನಡ ಫಾಂಟ್ ಹಾಕೋದು ಇನ್ನೊಂದು.

ಫಾಂಟ್ ಹಾಕಿದರೂ ಮುಗಿಯಲಿಲ್ಲ. ಕನ್ನಡ ಬರೀ ಅಕ್ಷರಗಳ ಸಾಲಲ್ಲ, ಒತ್ತಕ್ಷರವನ್ನ ಕೆಳಗಿಳಿಸೋಕೆ, ಗುಣಿತ ಜೋಡಿಸೋಕೆ ಒಂದು ಪ್ರತ್ಯೇಕ ಲೈಬ್ರರಿ ಬೇಕು. ಅದಿಲ್ಲದಿದ್ದರೆ "ಅಮ್ಮ" ಅನ್ನೋದು "ಅಮ್‌ಮ" ಅಂತ ಒಡೆದುಹೋಗೋದು. ಡಬ್ಬಿಗಿಂತ ವಾಸಿ, ಓದಿದರೆ ಕಣ್ಣುನೋವು.

ನಾನು ಆಗ ಚೆನ್ನೈನಲ್ಲಿ ಎಂಟೆಕ್ ಮಾಡ್ತಿದ್ದೆ. ಹಾಸ್ಟೆಲಲ್ಲಿ ನಾವು ಆರು ಜನ ಕನ್ನಡದವರು. ಹೆಚ್ಚಿನವರ ಹತ್ತಿರ 2.3 ಜಿಂಜರ್‌ಬ್ರೆಡ್ ಫೋನುಗಳು, ಅವಕ್ಕೆ ಜೆಲ್ಲಿ ಬೀನ್ ಬರಲ್ಲ ಅಂತ ತಯಾರಕರು ಕೈತೊಳೆದುಕೊಂಡಿದ್ದರು. ಹಾವೇರಿ ಕಡೆಯ ಒಬ್ಬ ಗೆಳೆಯನ ಫೋನಿಗೆ ಒಂದು ಭಾನುವಾರ ಸಯನೋಜನ್‌ಮಾಡ್ 10 ಹಾಕಿಕೊಟ್ಟೆ, ಅದು 4.1ರ ಮೇಲೆ ಕಟ್ಟಿದ್ದು. ಅವನು ಊರಿನ ಸುದ್ದಿ ತೆರೆದು ಓದಿದ, ಒತ್ತು, ದೀರ್ಘ ಎಲ್ಲ ಸರಿಯಾಗಿತ್ತು. "ಲೇ, ಎಲ್ಲಾ ಬಂತಲೇ" ಅಂದ. ಸಂಜೆಯೊಳಗೆ ಇನ್ನೂ ಮೂರು ಫೋನ್ ನನ್ನ ಟೇಬಲ್ ಮೇಲಿತ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಫೋನ್ ತೆರೆಯೋದು ಅಂದರೆ ಗೀಕುಗಳ ಶೋಕಿ ಅಂತ ತುಂಬ ಜನ ತಿಳಿದಿದ್ದಾರೆ. ಕಂಪನಿಯ ಲೆಕ್ಕದಲ್ಲಿ ನಮ್ಮ ಭಾಷೆ, ನಮ್ಮ ಹಳೇ ಫೋನ್ ಲಾಭದ ವಿಷಯ ಆಗಿರಲಿಲ್ಲ. ಬೀಗದ ಕೈ ನಮ್ಮ ಹತ್ತಿರ ಇದ್ದದ್ದರಿಂದ ನಾವು ಅವರಿಗೆ ಕಾಯಬೇಕಾಗಲಿಲ್ಲ.

2014: ಒಳ್ಳೇ ಕಾಲ

2013ರಿಂದ 2015ರವರೆಗೆ ಭಾರತದಲ್ಲಿ ತೆರೆದ ಫೋನುಗಳ ಸುಗ್ಗಿ. ನೆಕ್ಸಸ್ 5 2013ರ ನವೆಂಬರಲ್ಲಿ 28,999 ರೂಪಾಯಿಗೆ ಬಂತು. 2014ರ ಫೆಬ್ರವರಿಯಲ್ಲಿ ಮೋಟೋ ಜಿ 12,499ಕ್ಕೆ ಫ್ಲಿಪ್‌ಕಾರ್ಟಲ್ಲಿ ಬಂತು, ಕಂಪನಿಯ ವೆಬ್‌ಸೈಟಿಂದಲೇ ಅನ್‌ಲಾಕ್ ಕೋಡ್. ಜುಲೈಯಲ್ಲಿ ಶಿಯೋಮಿ ಎಂಐ 3, 13,999ಕ್ಕೆ. ಆದರೆ ಆಗ ಎಲ್ಲೆಲ್ಲೂ ಕಾಣುತ್ತಿದ್ದ ಅಗ್ಗದ ಮೀಡಿಯಾಟೆಕ್ ಫೋನುಗಳಲ್ಲಿ ಹಲವಕ್ಕೆ ತಯಾರಕರು ಕರ್ನಲ್ ಸೋರ್ಸನ್ನೇ ಬಿಡುಗಡೆ ಮಾಡಲಿಲ್ಲ. ಬೂಟ್‌ಲೋಡರ್ ತೆರೆದಿದ್ದರೂ ಸೋರ್ಸ್ ಇಲ್ಲದೆ ಹೊಸ ಆವೃತ್ತಿ ಕಟ್ಟೋದು ಕಷ್ಟ. ಬೀಗ ಇಲ್ಲದಿದ್ದರೆ ಸಾಲದು ಅನ್ನೋ ಪಾಠ ಅಲ್ಲಿ ಸಿಕ್ಕಿತು.

ಡಿಸೆಂಬರಲ್ಲಿ ಒಂದು ವಿಚಿತ್ರ ನಡೆಯಿತು. ಕೊಂಡಿಕ್‌ನ ಸಯನೋಜನ್‌ಮಾಡ್ ಅಷ್ಟೊತ್ತಿಗೆ ಸಯನೋಜನ್ ಇಂಕ್ ಅನ್ನೋ ಕಂಪನಿಯಾಗಿತ್ತು. ಅದರ ಸಾಫ್ಟ್‌ವೇರ್ ಇದ್ದ ಒನ್‌ಪ್ಲಸ್ ಒನ್ ಡಿಸೆಂಬರ್ 2ಕ್ಕೆ 21,999 ರೂಪಾಯಿಗೆ ಭಾರತಕ್ಕೆ ಬಂತು. ಆದರೆ ಸಯನೋಜನ್ ಭಾರತದ ಹಕ್ಕನ್ನ ಮೈಕ್ರೋಮ್ಯಾಕ್ಸಿಗೆ ಬರೆದುಕೊಟ್ಟಿತ್ತು. ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 16ಕ್ಕೆ ಒನ್‌ಪ್ಲಸ್ ಮಾರಾಟಕ್ಕೆ ತಡೆ, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ತಡೆ ತೆಗೆಯಿತು. ಮೈಕ್ರೋಮ್ಯಾಕ್ಸಿನ ಯು ಬ್ರ್ಯಾಂಡ್ 8,999 ರೂಪಾಯಿಗೆ ಯುರೇಕಾ ತಂದಿತು. ಯಾರು ಬೇಕಾದರೂ ತಿದ್ದಬಹುದು ಅಂತ ಹುಟ್ಟಿದ ಒಂದು ಸಾಫ್ಟ್‌ವೇರಿನ ಹೆಸರಿಗಾಗಿ ಎರಡು ಕಂಪನಿಗಳು ಕೋರ್ಟಲ್ಲಿ ಹೊಡೆದಾಡಿದವು. ತೆರೆದ ಫೋನಿಗೆ ಭಾರತದಲ್ಲಿ ಅಷ್ಟು ಬೆಲೆ ಬಂದಿತ್ತು.

2016: ನಾಲ್ಕು ತಿಂಗಳಲ್ಲಿ ಎಲ್ಲಾ ಬದಲಾಯಿತು

ಆಮೇಲೆ 2016. ಆ ವರ್ಷದ ಶುರುವಿನಲ್ಲೇ ಶಿಯೋಮಿ ಬೂಟ್‌ಲೋಡರಿಗೆ ಬೀಗ ಹಾಕಿ, ಅನುಮತಿ ಕೇಳಿ ತೆರೆಯುವ ಪದ್ಧತಿ ತಂದಿತ್ತು. ವರ್ಷದ ಕೊನೆಯ ನಾಲ್ಕು ತಿಂಗಳನ್ನ ಸಾಲಾಗಿ ನೋಡಿ.

ಸೆಪ್ಟೆಂಬರ್ 5, ಜಿಯೋ ಶುರು. ಅದು 4ಜಿ ಮಾತ್ರ, ಕರೆ ಹೋಗೋದು ವೋಲ್ಟಿ ಮೂಲಕ. ವೋಲ್ಟಿಗೆ ಬೇಕಾದ ಸಾಫ್ಟ್‌ವೇರ್ ಚಿಪ್ ಕಂಪನಿಗಳ ಮುಚ್ಚಿದ ಬೈನರಿಗಳಲ್ಲಿ ಇರ್ತಿತ್ತು. ಕಸ್ಟಮ್ ರಾಮ್ ಹಾಕಿದ ಎಷ್ಟೋ ಫೋನುಗಳಲ್ಲಿ ಡೇಟಾ ಬಂತು, ಕರೆ ಬರಲಿಲ್ಲ.

ಅಕ್ಟೋಬರ್, ಗೂಗಲಿನ ಸೇಫ್ಟಿನೆಟ್ ಅನ್ನೋ ಪರೀಕ್ಷೆ ಬೂಟ್‌ಲೋಡರ್ ತೆರೆದಿದೆಯಾ ಅಂತಲೂ ನೋಡೋಕೆ ಶುರುಮಾಡಿತು. ಅಲ್ಲಿಯವರೆಗೆ ರೂಟ್ ಇದ್ದರೆ ಮಾತ್ರ ತಕರಾರು. ಈಗ ಬೀಗ ತೆರೆದಿದ್ದರೇ ಫೋನ್ ಅಪನಂಬಿಕೆಗೆ ಅರ್ಹ.

ನವೆಂಬರ್ 8, ನೋಟು ರದ್ದತಿ. ಯುಪಿಐಯನ್ನ ರಘುರಾಮ್ ರಾಜನ್ ಆ ಏಪ್ರಿಲಲ್ಲೇ ಮುಂಬೈನಲ್ಲಿ ಬಿಡುಗಡೆ ಮಾಡಿದ್ದರು. ಆಗಸ್ಟ್ ಕೊನೆಗೆ ಬ್ಯಾಂಕುಗಳ ಆ್ಯಪ್ ಬಂದಿದ್ದವು, ಡಿಸೆಂಬರ್ 30ಕ್ಕೆ ಭೀಮ್ ಬಂತು. ಎಟಿಎಂ ಮುಂದಿನ ಸಾಲಿನಿಂದ ಜನ ಫೋನಿಗೆ ಬಂದರು.

ಡಿಸೆಂಬರ್, ಸಯನೋಜನ್ ಇಂಕ್ ತನ್ನ ಸೇವೆಗಳನ್ನೆಲ್ಲ ತಿಂಗಳ ಕೊನೆಗೆ ಮುಚ್ಚುವುದಾಗಿ ಹೇಳಿತು. ಡೆವಲಪರುಗಳು ಕೋಡನ್ನ ಎತ್ತಿಕೊಂಡು ಲಿನೇಜ್ ಓಎಸ್ ಅಂತ ಹೊಸ ಹೆಸರಲ್ಲಿ ಮುಂದುವರಿಸಿದರು.

ಈ ಯಾವ ಘಟನೆಯೂ ಇನ್ನೊಂದನ್ನ ನೋಡಿಕೊಂಡು ನಡೆದದ್ದಲ್ಲ. ಆದರೆ ಒಟ್ಟಾಗಿ ಆದದ್ದು ಏನು? ಫೋನ್ ನಮ್ಮ ಪರ್ಸ್ ಆಯಿತು. ಪರ್ಸಿನ ಒಳಗೆ ದುಡ್ಡು ಇರಬೇಕಾದರೆ ಬೀಗ ಕಂಪನಿಯದ್ದೇ ಆಗಿರಬೇಕು ಅಂತ ಬ್ಯಾಂಕ್ ಆ್ಯಪ್‌ಗಳು ಒಂದೊಂದಾಗಿ ಹೇಳೋಕೆ ಶುರುಮಾಡಿದವು. ಜಾನ್ ವೂ ಎಂಬ ಡೆವಲಪರ್ 2016ರಲ್ಲೇ ತಂದ ಮ್ಯಾಜಿಸ್ಕ್ ರೂಟನ್ನ ಬಚ್ಚಿಡುತ್ತಿತ್ತು, ಕೆಲವು ವರ್ಷ ಬೆಕ್ಕು-ಇಲಿ ಆಟ ನಡೆಯಿತು. 2020ರ ಹೊತ್ತಿಗೆ ಗೂಗಲ್ ಆ ಪರೀಕ್ಷೆಯನ್ನ ಫೋನಿನ ಸುರಕ್ಷಿತ ಹಾರ್ಡ್‌ವೇರಿನೊಳಗೆ ಇಳಿಸತೊಡಗಿತು. ಅಲ್ಲಿಂದ ಇಲಿಗೆ ಜಾಗ ಕಮ್ಮಿ.

ಅಮೆರಿಕದಲ್ಲಿ ಬೀಗದ ಬಗ್ಗೆ ಮನವಿ, ಕಾನೂನು, ಚರ್ಚೆ ಆಯಿತು. ನಮ್ಮಲ್ಲಿ ಯಾರೂ ನಿಷೇಧಿಸಲಿಲ್ಲ. ತರಕಾರಿ ಅಂಗಡಿಯವರಿಗೆ ದುಡ್ಡು ಕೊಡೋಕೆ ಆಗಲ್ಲ ಅಂದಾಗ ನಾವೇ ವಾಪಸ್ ಬೀಗ ಹಾಕಿಕೊಂಡೆವು.

ಬೀಗದ ಪರವಾಗಿಯೂ ಮಾತಿದೆ

ನಾನು ಬೀಗದ ವಿರೋಧಿ ಅಂತ ತಿಳೀಬೇಡಿ. ಶಿಯೋಮಿ ಬೀಗ ಹಾಕಿದಾಗ ಕೊಟ್ಟ ಕಾರಣ, ಮಧ್ಯವರ್ತಿಗಳು ಡಬ್ಬಿ ಬಿಚ್ಚಿ ಜಾಹೀರಾತು ತುಂಬಿದ, ವೈರಸ್ ತುಂಬಿದ ರಾಮ್ ಹಾಕಿ ಮಾರ್ತಿದ್ದಾರೆ ಅನ್ನೋದು. ಅದು ಸುಳ್ಳಲ್ಲ. ಬೂಟ್‌ಲೋಡರ್ ತೆರೆದ ಫೋನ್ ಕಳೆದುಹೋದರೆ, ಕೈಗೆ ಸಿಕ್ಕವರು ತಮಗೆ ಬೇಕಾದ ಸಿಸ್ಟಮ್ ಹಾಕಬಹುದು. ಬೀಗ ತೆರೆಯುವಾಗ ಫೋನಿನ ಡೇಟಾ ಎಲ್ಲ ಅಳಿಸಿಹೋಗೋದು ಅದೇ ಕಾರಣಕ್ಕೆ ಮಾಡಿದ ವ್ಯವಸ್ಥೆ. ಊರಲ್ಲಿರೋ ಅಪ್ಪ-ಅಮ್ಮನಿಗೆ ಸೈಬರ್ ವಂಚಕರ ಫೋನ್ ಬರೋ ಈ ಕಾಲದಲ್ಲಿ ಅವರ ಫೋನ್ ಮುಚ್ಚಿರೋದೇ ನನಗೆ ನೆಮ್ಮದಿ.

ಬೀಗ ಬೇಕೋ ಬೇಡವೋ ಅನ್ನೋದಕ್ಕಿಂತ, ಹಾಕಿದ ಬೀಗದ ಕೈ ಕೇಳಿದರೆ ಮಾಲೀಕನಿಗೆ ಸಿಗುತ್ತಾ ಅನ್ನೋದು ಮುಖ್ಯ. ಗೂಗಲಿನ ಪಿಕ್ಸೆಲ್ ಫೋನುಗಳಲ್ಲಿ ಬೀಗ ತೆರೆದು, ಬೇರೆ ಸಿಸ್ಟಮ್ ಹಾಕಿ, ಆ ಸಿಸ್ಟಮ್ಮಿನ ಕೀಲಿಯನ್ನ ನೋಂದಾಯಿಸಿ, ಮತ್ತೆ ಬೀಗ ಹಾಕಬಹುದು. ಗ್ರಫೀನ್ ಓಎಸ್ ಹೀಗೇ ನಡೆಯುತ್ತೆ. ಸುರಕ್ಷತೆಯೂ ಉಳಿಯುತ್ತೆ, ಆಯ್ಕೆಯೂ ಉಳಿಯುತ್ತೆ. ಅಂದರೆ ತಂತ್ರಜ್ಞಾನದಲ್ಲಿ ಅಡ್ಡಿ ಇಲ್ಲ, ಕೊಡುವ ಮನಸ್ಸಿನಲ್ಲಿ ಮಾತ್ರ.

ಆ ಮನಸ್ಸು ಕಮ್ಮಿ ಆಗ್ತಾ ಬಂದಿದೆ. 2018ರಲ್ಲಿ ಹುವಾವೇ ಅನ್‌ಲಾಕ್ ಕೋಡ್ ಕೊಡೋದನ್ನೇ ನಿಲ್ಲಿಸಿತು. ಶಿಯೋಮಿಯ ಕಾಯುವ ಅವಧಿ ಗಂಟೆಗಳಿಂದ ದಿನಗಳಿಗೆ ಹೋಗಿ, 2023ರ ಹೈಪರ್ ಓಎಸ್ ಬಂದ ಮೇಲೆ ಷರತ್ತುಗಳು ಇನ್ನೂ ಬಿಗಿಯಾದವು. 2025ರಲ್ಲಿ ಸ್ಯಾಮ್‌ಸಂಗ್ ಒನ್ ಯುಐ 8ರಲ್ಲಿ ಅನ್‌ಲಾಕ್ ಆಯ್ಕೆಯನ್ನೇ ತೆಗೆಯಿತು. ಅದೇ ವರ್ಷ ಆಂಡ್ರಾಯ್ಡ್ 16ರ ಕೋಡ್ ಬಿಡುಗಡೆ ಮಾಡುವಾಗ ಗೂಗಲ್ ಕೂಡ ಪಿಕ್ಸೆಲ್ ಫೋನುಗಳಿಗೆ ಬೇಕಾದ ಕೆಲವು ಫೈಲುಗಳನ್ನ ಕೊಡಲಿಲ್ಲ.

ಇನ್ನೊಂದು ಕಡೆ, ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಭರವಸೆ ಬಂದಿದೆ. ಒಳ್ಳೇದೇ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್2 2011ರದ್ದು, ಕಂಪನಿ 4.1ರಲ್ಲಿ ಕೈಬಿಟ್ಟಿತು, ಲಿನೇಜ್ ಓಎಸ್‌ನವರು ಅದಕ್ಕೆ ಆಂಡ್ರಾಯ್ಡ್ 7.1 ತಂದರು. ಏಳು ವರ್ಷ ಕಂಪನಿ ನೋಡಿಕೊಂಡರೆ ಅಂಥ ಹಳೇ ಅಗತ್ಯ ಕಮ್ಮಿಯಾಗುತ್ತೆ. ಆದರೆ ಎಂಟನೇ ವರ್ಷಕ್ಕೆ ಆ ಫೋನ್ ಕೆಲಸ ಮಾಡ್ತಿದ್ದರೆ ಅದರ ಕೀಲಿ ಯಾರ ಹತ್ತಿರ ಇರುತ್ತೆ?

ಹಾಗಾದರೆ ಏನು ನೋಡಿ ತಗೋಬೇಕು

ಈ ಇತಿಹಾಸದಿಂದ ನಾನು ಮಾಡಿಕೊಂಡ ಲೆಕ್ಕ ಹೀಗಿದೆ.

ಒಂದು, ಕೊಳ್ಳೋಕೆ ಮುಂಚೆ ಕಂಪನಿಯೇ ಕೊಟ್ಟ ಅನ್‌ಲಾಕ್ ದಾರಿ ಇದೆಯಾ ನೋಡಿ. ಯಾರೋ ಹುಡುಕಿದ ಬಗ್ ನಂಬಿ ಕೊಳ್ಳಬೇಡಿ. ಜಿ1ರ ಆರ್‌ಸಿ30 ಥರ ಒಂದು ಅಪ್‌ಡೇಟ್ ಬಂದರೆ ಬಾಗಿಲು ಮುಚ್ಚಿತು.

ಎರಡು, ಮಾಡೆಲ್ ನಂಬರ್ ಪೂರ್ತಿ ಹೊಂದಿಸಿ ನೋಡಿ. ಒಂದೇ ಹೆಸರಿನ ಫೋನ್ ಅಮೆರಿಕಕ್ಕೆ ಬೇರೆ, ಭಾರತಕ್ಕೆ ಬೇರೆ ಇರುತ್ತೆ. ಆನ್‌ಸೈಟಿಂದ ಬರೋ ಗೆಳೆಯರ ಕೈಲಿ ತರಿಸುವವರು ಇದನ್ನ ವಿಶೇಷವಾಗಿ ಗಮನಿಸಿ, ಅಲ್ಲಿ ಮೊಬೈಲ್ ಕಂಪನಿ ಮೂಲಕ ಮಾರಿದ ಫೋನಿಗೆ ಬೂಟ್‌ಲೋಡರ್ ಆಯ್ಕೆ ಮುಚ್ಚಿರಬಹುದು.

ಮೂರು, ಕರ್ನಲ್ ಸೋರ್ಸ್ ಇದೆಯಾ, ಲಿನೇಜ್ ಓಎಸ್ ಪಟ್ಟಿಯಲ್ಲಿ ಆ ಫೋನ್ ಇದೆಯಾ, ಅದರಲ್ಲಿ ವೋಲ್ಟಿ ನಡೆಯುತ್ತಾ ನೋಡಿ. ಕರೆ ಹೋಗದ ಫೋನ್ ಫೋನಲ್ಲ.

ನಾಲ್ಕು, ದುಡ್ಡಿನ ಫೋನನ್ನೂ ಪ್ರಯೋಗದ ಫೋನನ್ನೂ ಬೇರೆ ಇಡಿ. ನಾನು ಪುಣೆಯಲ್ಲಿ ಹಾಗೇ ಮಾಡ್ತಿದ್ದೀನಿ. ಯುಪಿಐ, ಬ್ಯಾಂಕು, ಆಫೀಸಿನ ಲಾಗಿನ್ ಎಲ್ಲ ಮುಚ್ಚಿದ ಫೋನಲ್ಲಿ. ಬೀಗ ತೆರೆದ ಒಂದು ಹಳೇ ಪಿಕ್ಸೆಲ್ ಇನ್ನೊಂದು ಜೇಬಲ್ಲಿ. ಎರಡು ಫೋನ್ ಹೊರೋದು ಕಿರಿಕಿರಿಯೇ, ಎರಡೆರಡು ಚಾರ್ಜ್. ಒಂದೇ ಫೋನಲ್ಲಿ ಇವೆರಡೂ ಆಗಬಾರದು ಅನ್ನೋಕೆ ಒಳ್ಳೇ ಕಾರಣವೂ ಕಾಣಲ್ಲ. ಮಾಲೀಕ ತಾನೇ ಸಹಿ ಹಾಕಿ, ಮತ್ತೆ ಬೀಗ ಹಾಕಿದ ಫೋನನ್ನ ಬ್ಯಾಂಕುಗಳು ಒಪ್ಪುವ ದಿನ ಬಂದರೆ ಎರಡನೇ ಫೋನನ್ನ ಅವತ್ತೇ ಬಿಡ್ತೀನಿ.

ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆಯಿರಿ. ಅಲ್ಲಿ "ಓಇಎಂ ಅನ್‌ಲಾಕಿಂಗ್" ಅನ್ನೋ ಸಾಲು ಇದೆಯಾ, ಇದ್ದರೆ ಮಸುಕಾಗಿದೆಯಾ ನೋಡಿ. ಆನ್ ಮಾಡಬೇಡಿ, ನೋಡಿದರೆ ಸಾಕು. ಮುಂದಿನ ಫೋನಿಗೆ ಮೂವತ್ತು-ನಲವತ್ತು ಸಾವಿರ ಕೊಡುವಾಗ ಆ ಸಾಲನ್ನೂ ಕ್ಯಾಮೆರಾ, ಬ್ಯಾಟರಿ ಜೊತೆ ಪಟ್ಟಿಗೆ ಸೇರಿಸಿಕೊಳ್ಳಿ. 2011ರಲ್ಲಿ ಗ್ರಾಹಕರು ಕೇಳಿದ್ದಕ್ಕೇ ಎಚ್‌ಟಿಸಿ ಬಾಗಿದ್ದು. ಕೇಳುವವರೇ ಇಲ್ಲದಿದ್ದರೆ ಯಾವ ಕಂಪನಿಗೂ ಕೊಡುವ ಅಗತ್ಯ ಬರಲ್ಲ.

ಮುಂದಿನ ವಾರ ಇನ್ನೊಂದು ವಿಷಯದೊಂದಿಗೆ ಸಿಗೋಣ. ನಮಸ್ಕಾರ.